ಅಡಿಕೆ ಆರಿಸಲು ಒಂದು ತಾಸು ಕೂರುವ ಮಗ ತರಗತಿಯಲ್ಲಿ ಹತ್ತು ನಿಮಿಷ ಕೂರುವುದಿಲ್ಲ: ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಕಾಳಿತೀರ (ಕಾರವಾರ)

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಐದೂವರೆ ವರ್ಷ. ಇಲ್ಲಿನ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಯುಕೆಜಿಯಲ್ಲಿದ್ದಾನೆ. ಎರಡು ತಿಂಗಳಿನಿಂದ ಅವನ ಡೈರಿಯಲ್ಲಿ ಬರುತ್ತಿರುವ ಒಕ್ಕಣೆ ಹೆಚ್ಚುಕಡಿಮೆ ಒಂದೇ. ಕುಳಿತಲ್ಲಿ ಕೂರುವುದಿಲ್ಲ, ಸರದಿ ಕಾಯುವುದಿಲ್ಲ, ಬರೆಯುತ್ತಿರುವಾಗಲೇ ಎದ್ದು ಕಿಟಕಿಯ ಬಳಿ ಹೋಗುತ್ತಾನೆ, ಯಾರಾದರೂ ಅವನ ಬಣ್ಣದ ಪೆನ್ಸಿಲ್ ಮುಟ್ಟಿದರೆ ಬಾಯಿಗಿಂತ ಮೊದಲು ಕೈ ಮುಂದೆ ಬರುತ್ತದೆ. ಮನೆಯಲ್ಲಿ ದಿನಕ್ಕೆ ಒಂದು ತಾಸು ಕೂರಿಸಿ ಕಾಪಿ ಬರೆಸಿದರೆ ಕೂರುವ ಅಭ್ಯಾಸವಾಗುತ್ತದೆ ಎಂದು ಸಲಹೆ ಕೊಟ್ಟಿದ್ದರು. ಮೂರು ವಾರ ಹಾಗೆ ಮಾಡಿ ನೋಡಿದೆ. ಅವನಿಗೆ ಪೆನ್ಸಿಲ್ ಕಂಡರೇ ಅಳು ಬರುವಂತಾಯಿತೇ ಹೊರತು ಬೇರೇನೂ ಆಗಲಿಲ್ಲ.

ನನ್ನನ್ನು ಗೊಂದಲಕ್ಕೆ ಕೆಡವಿರುವುದು ಇನ್ನೊಂದು ಸಂಗತಿ. ಕಳೆದ ತಿಂಗಳು ಶಿರಸಿ ಕಡೆಯ ನನ್ನ ತವರಿಗೆ ಹೋಗಿದ್ದೆವು. ಅಲ್ಲಿ ಜಗಲಿಯ ಮೇಲೆ ಅಜ್ಜಿ ಅಡಿಕೆ ಆರಿಸುತ್ತಿದ್ದರು. ಇವನು ಹೋಗಿ ಪಕ್ಕದಲ್ಲಿ ಕುಳಿತವನು ಒಂದು ತಾಸಿಗೂ ಮಿಕ್ಕಿ ಏಳಲಿಲ್ಲ. ಚೆನ್ನಾಗಿರುವ ಚಾಲಿ ಒಂದು ಬುಟ್ಟಿಗೆ, ಕೋಕಾ ಇನ್ನೊಂದು ಬುಟ್ಟಿಗೆ, ಬಿಳೇಗೋಟು ಮೊರಕ್ಕೆ ಎಂದು ಅಡಿಕೆಯ ದರ್ಜೆ ನೋಡಿ ಒಂದೊಂದಾಗಿ ಹಾಕುತ್ತಿದ್ದ. ತಪ್ಪು ಬುಟ್ಟಿಗೆ ಬಿದ್ದದ್ದನ್ನು ಯಾರೂ ಹೇಳದಿದ್ದರೂ ತಾನೇ ಹೆಕ್ಕಿ ತೆಗೆಯುತ್ತಿದ್ದ. ಇದೇ ಹುಡುಗನಿಗೆ ಏಕಾಗ್ರತೆ ಇಲ್ಲವೆಂದು ನಂಬುವುದು ಹೇಗೆ?

ಮನೆಯ ಪರಿಸ್ಥಿತಿಯನ್ನೂ ಮುಚ್ಚಿಡದೆ ಹೇಳುತ್ತೇನೆ. ನಮ್ಮ ಯಜಮಾನರದು ಪಾಳಿಯ ಕೆಲಸ. ರಾತ್ರಿ ಪಾಳಿಯ ವಾರದಲ್ಲಿ ಅವರು ಹಗಲು ಮಲಗುವುದರಿಂದ, ಶಾಲೆಯಿಂದ ಬಂದ ಮಗುವಿಗೆ ಸಂಜೆಯವರೆಗೆ ‘ಸದ್ದು ಮಾಡಬೇಡ’ ಎಂಬ ಮಾತೊಂದೇ ಕೇಳಿಸುತ್ತದೆ, ಮತ್ತು ಆ ಹೊತ್ತಿನಲ್ಲಿ ಅವನ ಕೈಯಲ್ಲಿ ಮೊಬೈಲ್ ಇರುತ್ತದೆ. ಅತ್ತೆಯವರೊಡನೆ ಅವನು ಕೊಂಕಣಿ ಮಾತನಾಡುತ್ತಾನೆ, ನನ್ನೊಡನೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಬರುವ ಜೂನ್‌ನಲ್ಲಿ ಒಂದನೆಯ ತರಗತಿ. ತನ್ನನ್ನು ತಾನು ತಡೆದುಕೊಳ್ಳುವ ಗುಣ ಕಲಿಸಿದರೆ ಬರುವಂಥದ್ದೇ, ಅಥವಾ ಹುಟ್ಟಿನಿಂದ ಬಂದದ್ದೇ? ಕಲಿಸಬಹುದಾದರೆ ಎಲ್ಲಿಂದ ಆರಂಭಿಸಲಿ?

ಶಿರಸಿ ಅಕ್ಕೋರು

ತಂಗಿ, ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಚಿಕ್ಕ ಮಕ್ಕಳೊಡನೆ ಇದ್ದೇನೆ. ಹೆಚ್ಚಿನ ಕಾಲ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಯಲ್ಲಿ. ನಿಮ್ಮ ಪ್ರಶ್ನೆಯ ಉತ್ತರ ನಿಮ್ಮ ಎರಡನೆಯ ಪ್ಯಾರಾದಲ್ಲೇ ಇದೆ ಎಂದು ನನಗೆ ತೋರುತ್ತದೆ, ಆದ್ದರಿಂದ ಆ ಜಗಲಿಗೇ ಹೋಗೋಣ.

ನಾವು ಶಿಸ್ತು ಎಂದು ಕರೆಯುವುದು ಬಹಳ ಸಲ ಹೇಳಿದ್ದನ್ನು ಕೇಳುವುದನ್ನು ಮಾತ್ರ. ಮಾಸ್ತರು ತರಗತಿಯಿಂದ ಹೊರಗೆ ಕಾಲಿಟ್ಟ ಕ್ಷಣದಲ್ಲಿ ಆ ಶಿಸ್ತು ಏನಾಗುತ್ತದೆ ಎಂಬುದನ್ನು ಶಾಲೆಗೆ ಹೋದ ಎಲ್ಲರೂ ಬಲ್ಲರು. ಸ್ವನಿಯಂತ್ರಣ ಅದಲ್ಲ. ಅದರೊಳಗೆ ಮೂರು ಶಕ್ತಿಗಳು ಸೇರಿ ಕೆಲಸ ಮಾಡುತ್ತವೆ. ಮಾಡಬೇಕಾದದ್ದನ್ನು ಮಾಡಿ ಮುಗಿಸುವವರೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು ಒಂದು, ತಾನಾಗಿ ಮುಂದಕ್ಕೆ ಹೋಗುವ ಕೈಯನ್ನೋ ಬಾಯನ್ನೋ ತಡೆಯುವುದು ಇನ್ನೊಂದು, ಸಂದರ್ಭ ಬದಲಾದಾಗ ಹಳೆಯ ಜಾಡು ಬಿಟ್ಟು ಹೊಸದಕ್ಕೆ ತಿರುಗುವುದು ಮತ್ತೊಂದು. ನಿಮ್ಮ ಮಗ ಅಡಿಕೆ ಆರಿಸುವಾಗ ಮೂರೂ ನಡೆದಿವೆ. ಯಾವುದು ಯಾವ ಬುಟ್ಟಿಗೆ ಎಂಬುದು ನೆನಪಿನಲ್ಲಿತ್ತು. ಚಾಲಿಯ ಬುಟ್ಟಿಯತ್ತ ಹೊರಟ ಕೈ ಕೋಕಾ ಎಂದು ಗೊತ್ತಾದೊಡನೆ ನಿಂತಿತು. ಮುಂದಿನ ಅಡಿಕೆಗೆ ಮತ್ತೆ ಹೊಸದಾಗಿ ನಿರ್ಧರಿಸಬೇಕಾಯಿತು. ಅಂದರೆ ಅವನಲ್ಲಿ ಈ ಶಕ್ತಿ ಇಲ್ಲದೆ ಇಲ್ಲ. ಅದು ಎಂಥ ಕಡೆ ಹೊರಗೆ ಬರುತ್ತದೆ, ಎಂಥ ಕಡೆ ಬರುವುದಿಲ್ಲ ಎಂಬುದಷ್ಟೇ ಪ್ರಶ್ನೆ.

ಜಗಲಿಯಲ್ಲಿ ಏನಿತ್ತೆಂದು ನೋಡಿ. ಕೈಗೆ ಸಿಗುವ ವಸ್ತು ಇತ್ತು. ತಪ್ಪಾದರೆ ಕಣ್ಣಿಗೆ ಕಾಣುತ್ತಿತ್ತು, ತಿದ್ದಿಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅದು ಮನೆಯವರಿಗೆ ನಿಜವಾಗಿ ಬೇಕಾದ ಕೆಲಸವಾಗಿತ್ತು. ಮಕ್ಕಳಿಗೆ ಈ ವ್ಯತ್ಯಾಸ ನಾವು ಎಣಿಸುವುದಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪಕ್ಕದಲ್ಲಿ ಅಜ್ಜಿ ಇದ್ದರು. ಆರಿಸುತ್ತ ಕುಳಿತ ಅಜ್ಜಿಯ ಕೈಗೆ ಒಂದು ನಿಧಾನದ ಲಯ ಇರುತ್ತದೆ, ಮಗು ಆ ಲಯವನ್ನು ಎರವಲು ಪಡೆಯುತ್ತದೆ. ಚಿಕ್ಕ ಮಗುವಿನ ನಿಯಂತ್ರಣ ಮೊದಲು ಇಬ್ಬರ ನಡುವೆ ಹಂಚಿಕೊಂಡೇ ಇರುತ್ತದೆ. ದೊಡ್ಡವರ ಪಾಲು ನಿಧಾನವಾಗಿ ಕಡಿಮೆಯಾಗುತ್ತ, ಮಗುವಿನ ಪಾಲು ಹೆಚ್ಚುತ್ತ ಹೋಗಬೇಕು. ಹಣೆಯ ಹಿಂದಿರುವ ಮಿದುಳಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಐದೂವರೆ ವರ್ಷದವನಿಂದ ಒಂದು ತಾಸಿನ ಒಂಟಿ ಕಾಪಿ ಬರಹವನ್ನು ನಿರೀಕ್ಷಿಸಿದವರು ಆ ಲೆಕ್ಕವನ್ನು ಬಿಟ್ಟಿದ್ದಾರೆ. ಅದನ್ನು ಇಂದೇ ನಿಲ್ಲಿಸಿ.

ಇನ್ನು ತರಗತಿಯ ಕಡೆ. ಮೂರು ಭಾಷೆಗಳಿಂದ ಮಗುವಿಗೆ ಕೆಡುಕೇನೂ ಇಲ್ಲ, ನಮ್ಮ ಜಿಲ್ಲೆಯ ಕರಾವಳಿಯಲ್ಲಿ ಅದು ಹೊಸತೂ ಅಲ್ಲ. ಆದರೆ ‘ಪುಸ್ತಕ ತೆಗೆ, ಹನ್ನೆರಡನೆಯ ಪುಟ ಬಿಡಿಸು, ಮೇಲಿನ ಸಾಲನ್ನು ನೋಡಿ ಬರೆ’ ಎಂಬ ಮೂರು ಆದೇಶಗಳು ಇನ್ನೂ ಪಳಗದ ಭಾಷೆಯಲ್ಲಿ ಒಂದೇ ಉಸಿರಿಗೆ ಬಂದರೆ, ಮೊದಲನೆಯದು ಅರ್ಥವಾಗುವಷ್ಟರಲ್ಲಿ ಉಳಿದೆರಡು ಕೈತಪ್ಪಿ ಹೋಗಿರುತ್ತವೆ. ಆಗ ಮಗು ಪಕ್ಕದವನ ಪುಸ್ತಕವನ್ನೋ ಕಿಟಕಿಯನ್ನೋ ನೋಡುತ್ತದೆ. ನಾವು ಅದಕ್ಕೆ ಚಂಚಲತೆ ಎಂದು ಹೆಸರಿಡುತ್ತೇವೆ. ಒಂದು ಸಲಕ್ಕೆ ಒಂದೇ ಮಾತು, ಜತೆಗೆ ಕೈಸನ್ನೆ, ಸಾಧ್ಯವಾದರೆ ಒಂದು ಚಿತ್ರದ ಚೀಟಿ. ಇಷ್ಟನ್ನು ಅವನ ಟೀಚರ್ ಬಳಿ ವಿನಯದಿಂದ ಕೇಳಿನೋಡಿ. ದೂರಿನ ರೂಪದಲ್ಲಿ ಅಲ್ಲ, ‘ಮನೆಯಲ್ಲಿ ಹೀಗೆ ಮಾಡಿದರೆ ಕೇಳುತ್ತಾನೆ’ ಎಂಬ ಸುದ್ದಿಯಾಗಿ ಹೇಳಿ.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗಿ ಸ್ಲೇಟಿನ ಮೇಲೆ ಬರೆಯುವಾಗ ಪಿಸುಗುಡುತ್ತಿದ್ದಳು: ‘ಸುತ್ತು, ಸುತ್ತು, ಕೆಳಗೆ ಎಳಿ, ನಿಲ್ಲು.’ ಉಳಿದವರಿಗೆ ತೊಂದರೆಯೆಂದು ನಾನು ‘ಬಾಯಿ ಮುಚ್ಚಿ ಬರಿ’ ಎಂದೆ. ಅವಳು ಬಾಯಿ ಮುಚ್ಚಿದಳು, ಬಳಪವೂ ನಿಂತಿತು. ಅಕ್ಷರದ ಅರ್ಧಕ್ಕೆ ಬಂದು ಮುಂದೆ ಎತ್ತ ಹೋಗಬೇಕೆಂದು ತಿಳಿಯದೆ ನನ್ನ ಮುಖ ನೋಡಿದಳು. ಮಕ್ಕಳು ತಮಗೆ ತಾವೇ ಗಟ್ಟಿಯಾಗಿ ಆಡಿಕೊಳ್ಳುವ ಈ ಮಾತೇ ಅವರು ತಮ್ಮ ಕೆಲಸವನ್ನು ನಡೆಸುವ ಚುಕ್ಕಾಣಿ ಎಂದು ಸೋವಿಯತ್ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ 1930ರ ದಶಕದಲ್ಲೇ ಬರೆದಿದ್ದರು, ಅದು ಕ್ರಮೇಣ ಒಳಗಿಳಿದು ಮೌನದ ಯೋಚನೆಯಾಗುತ್ತದೆ ಎಂದೂ ವಿವರಿಸಿದ್ದರು. ನಾನು ಅದನ್ನು ತರಬೇತಿಯೊಂದರಲ್ಲಿ ಕೇಳುವಷ್ಟರಲ್ಲಿ ಆ ಹುಡುಗಿ ಹೈಸ್ಕೂಲಿಗೆ ಹೋಗಿದ್ದಳು. ನಿಮ್ಮ ಮಗ ಆಡುವಾಗ ಒಬ್ಬನೇ ಮಾತನಾಡಿಕೊಂಡರೆ ದಯವಿಟ್ಟು ತಡೆಯಬೇಡಿ.

ಆಟದ ವಿಷಯಕ್ಕೆ ಬಂದರೆ, ನಮ್ಮ ಕೆರೆ-ದಡಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಅಂಗಳದಲ್ಲಿ ಒಂದು ಗೆರೆ ಎಳೆಯಿರಿ. ‘ಕೆರೆ’ ಎಂದರೆ ಒಳಗೆ, ‘ದಡ’ ಎಂದರೆ ಹೊರಗೆ ಹಾರಬೇಕು. ಮೊದಲ ದಿನಗಳಲ್ಲಿ ನಿಧಾನವಾಗಿ, ಒಂದಾದ ಮೇಲೊಂದರಂತೆ ಹೇಳಿ. ಪಳಗಿದ ಮೇಲೆ ‘ದಡ, ದಡ’ ಎಂದು ಎರಡು ಸಲ ಹೇಳಿ ಮೋಸ ಮಾಡಿ; ಹಾರಲು ಎತ್ತಿದ ಕಾಲನ್ನು ಮಗು ಗಾಳಿಯಲ್ಲೇ ತಡೆದುಕೊಳ್ಳುವುದನ್ನು ನೋಡುವುದೇ ಒಂದು ಚಂದ. ಅದಾದ ಮೇಲೆ ನಿಯಮವನ್ನೇ ತಲೆಕೆಳಗು ಮಾಡಿ: ಇನ್ನು ಮೇಲೆ ಕೆರೆ ಎಂದರೆ ಹೊರಗೆ. ವಿದೇಶದಲ್ಲಿ ಮಕ್ಕಳ ಸ್ವನಿಯಂತ್ರಣವನ್ನು ಅಳೆಯಲು ‘ತಲೆ ಮುಟ್ಟು’ ಎಂದಾಗ ಕಾಲ್ಬೆರಳು ಮುಟ್ಟಬೇಕಾದ ಒಂದು ಪರೀಕ್ಷೆ ಬಳಕೆಯಲ್ಲಿದೆ. ಅದರ ಜೀವಾಳವೂ ಇದೇ. ಔಟಾದವನನ್ನು ಮಾತ್ರ ಆಟದಿಂದ ಹೊರಗೆ ಕೂರಿಸಬೇಡಿ. ಅಭ್ಯಾಸ ಯಾರಿಗೆ ಹೆಚ್ಚು ಬೇಕೋ ಅವನೇ ಮೊದಲು ಹೊರಗೆ ಹೋಗುವುದು ಈ ಬಗೆಯ ಆಟಗಳ ದೊಡ್ಡ ದೋಷ.

ಇನ್ನೊಂದು, ವೇಷದ ಆಟ. ನಮ್ಮ ಶಾಲೆಯ ಹುಡುಗರು ಅಡಿಕೆ ಹಾಳೆಯ ಕಿರೀಟ ಕಟ್ಟಿಕೊಂಡು ಯಕ್ಷಗಾನ ಆಡುತ್ತಾರೆ, ಡಬ್ಬವೇ ಚಂಡೆ. ಎರಡು ನಿಮಿಷ ಸುಮ್ಮನಿರದ ಒಬ್ಬ ಹುಡುಗ ರಾಕ್ಷಸನಾಗಿ, ಭಾಗವತನ ಪದ್ಯ ಮುಗಿಯುವವರೆಗೆ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪದ್ಯ ಮುಗಿಯುವ ಮೊದಲು ಬಂದರೆ ಅವನು ರಾಕ್ಷಸನೇ ಅಲ್ಲ; ಆ ನಿಯಮ ಪಾತ್ರದೊಳಗೇ ಇದೆ. 1948ರಲ್ಲಿ ಮನುಯಿಲೆಂಕೊ ಎಂಬ ರಷ್ಯನ್ ಸಂಶೋಧಕಿ ಪ್ರಕಟಿಸಿದ ಪ್ರಯೋಗದಲ್ಲಿ, ಸುಮ್ಮನೆ ಅಲ್ಲಾಡದೆ ನಿಲ್ಲು ಎಂದಾಗ ನಿಲ್ಲುವುದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಮಕ್ಕಳು ಕಾವಲುಗಾರನ ಪಾತ್ರದಲ್ಲಿದ್ದಾಗ ನಿಂತರು. ನಿಮ್ಮ ಯಜಮಾನರು ಮಲಗಿರುವ ಹೊತ್ತಿನಲ್ಲಿ ‘ಸದ್ದು ಮಾಡಬೇಡ’ ಎನ್ನುವ ಬದಲು ಅವನನ್ನೇ ಬಾಗಿಲ ಕಾವಲುಗಾರನನ್ನಾಗಿ ಮಾಡಿ ನೋಡಿ. ಹತ್ತು ನಿಮಿಷ ಕಾವಲು, ಆಮೇಲೆ ಮನೆಯಿಂದ ಹೊರಗೆ ಓಟ. ದಿನವಿಡೀ ಯಾವ ಕಾವಲುಗಾರನೂ ನಿಲ್ಲಲಾರ.

ಕಡಲಂಚು (ಅಂಕೋಲಾ)

ಅಕ್ಕೋರ ಮಾತಿಗೆ ನನ್ನದೊಂದು ಸೇರ್ಪಡೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಮಿಷೆಲ್ ಅವರು 1960ರ ದಶಕದ ಕೊನೆಯಲ್ಲಿ ಆರಂಭಿಸಿದ ಮಿಠಾಯಿ ಪರೀಕ್ಷೆಯ ಬಗ್ಗೆ ಹಲವರು ಕೇಳಿರಬಹುದು. ಮಗುವಿನ ಮುಂದೆ ಒಂದು ಮಾರ್ಷ್‌ಮ್ಯಾಲೋ ಮಿಠಾಯಿ ಇಟ್ಟು, ನಾನು ಬರುವವರೆಗೆ ತಿನ್ನದಿದ್ದರೆ ಎರಡು ಕೊಡುತ್ತೇನೆ ಎಂದು ಹೇಳಿ ಹೊರಗೆ ಹೋಗುವುದು. ಹೆಚ್ಚು ಹೊತ್ತು ಕಾದ ಮಕ್ಕಳು ಮುಂದೆ ಓದಿನಲ್ಲಿ ಮೇಲುಗೈ ಪಡೆದರೆಂದು ಆಮೇಲೆ ವರದಿಯಾಯಿತು. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನವೂ ಬಾಲ್ಯದ ಸ್ವನಿಯಂತ್ರಣಕ್ಕೂ ದೊಡ್ಡವರಾದ ಮೇಲಿನ ಆರೋಗ್ಯ, ಹಣಕಾಸಿನ ಸ್ಥಿತಿಗೂ ನಂಟಿದೆಯೆಂದು 2011ರಲ್ಲಿ ತೋರಿಸಿತು. ನಾನು ನನ್ನ ಮಗಳಿಗೆ ವಾರಕ್ಕೊಮ್ಮೆ ಶೇಂಗಾ ಚಿಕ್ಕಿ ಇಟ್ಟು ಈ ಅಭ್ಯಾಸ ಮಾಡಿಸುತ್ತಿದ್ದೇನೆ. ಮೊದಲು ಒಂದು ನಿಮಿಷ ಕಾಯುತ್ತಿದ್ದವಳು ಈಗ ಏಳು ನಿಮಿಷ ಕಾಯುತ್ತಾಳೆ. ನೀವೂ ಮಾಡಿ ನೋಡಬಹುದು. ಎಷ್ಟು ಹೊತ್ತು ಕಾಯುತ್ತಾನೆಂದು ಬರೆದಿಟ್ಟುಕೊಂಡರೆ ಪ್ರಗತಿಯೂ ತಿಳಿಯುತ್ತದೆ.

ಅಘನಾಶಿನಿ (ಕುಮಟಾ)

ನಾನು ಮಕ್ಕಳ ವೈದ್ಯೆ. ಕಡಲಂಚು ಅವರೇ, ನಿಮ್ಮ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಚಿಕ್ಕಿಯ ತಟ್ಟೆಯನ್ನು ಬದಿಗಿಡಿ ಎಂದೇ ಹೇಳಬೇಕಾಗಿದೆ. ಡ್ಯುನೆಡಿನ್ ಅಧ್ಯಯನ ಗಟ್ಟಿಯಾದದ್ದು. ಅಲ್ಲಿ ಪೋಷಕರು, ಶಿಕ್ಷಕರು, ವೀಕ್ಷಕರು ಹಲವು ವರ್ಷಗಳ ಕಾಲ ಕಂಡದ್ದನ್ನು ಕೂಡಿಸಿ ನೋಡಿದ್ದರು. ಮಿಠಾಯಿ ಪರೀಕ್ಷೆ ಹಾಗಲ್ಲ. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯೊಡನೆ ಅದನ್ನು ಮತ್ತೆ ಪರಿಶೀಲಿಸಿದಾಗ, ಕಾಯುವಿಕೆಗೂ ಮುಂದಿನ ಓದಿಗೂ ಇದ್ದ ನಂಟು ಮೊದಲು ಹೇಳಿದ್ದಕ್ಕಿಂತ ಬಹಳ ಸಣ್ಣದಾಗಿತ್ತು, ಮನೆಯ ಹಿನ್ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಇನ್ನೂ ಸಣ್ಣದಾಯಿತು.

ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ರೋಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಚಿಕ್ಕ ಪ್ರಯೋಗ. ಅದರಲ್ಲಿದ್ದದ್ದು 28 ಮಕ್ಕಳು ಮಾತ್ರ. ಮಿಠಾಯಿ ಇಡುವ ಮೊದಲು ಅವರು ಮಕ್ಕಳಿಗೆ ಒಳ್ಳೆಯ ಬಣ್ಣದ ಕಡ್ಡಿಗಳನ್ನು ತಂದುಕೊಡುವುದಾಗಿ ಹೇಳಿ ಹೋದರು. ಅರ್ಧದಷ್ಟು ಮಕ್ಕಳಿಗೆ ಹೇಳಿದಂತೆ ತಂದುಕೊಟ್ಟರು, ಉಳಿದವರ ಬಳಿ ಬರಿಗೈಯಲ್ಲಿ ಮರಳಿ ಬಂದರು. ಆಮೇಲೆ ಮಿಠಾಯಿ ಇಟ್ಟಾಗ, ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ ಸುಮಾರು 12 ನಿಮಿಷ ಕಾದರು, ಮಾತು ತಪ್ಪಿದವರನ್ನು ಕಂಡವರು ಸುಮಾರು 3 ನಿಮಿಷ. ಕೊಟ್ಟ ಮಾತು ನಡೆಯುವುದಿಲ್ಲವೆಂದು ತಿಳಿದ ಮಗು ಸಿಕ್ಕಾಗ ತಿಂದುಬಿಡುವುದು ದುಡುಕಲ್ಲ, ಲೆಕ್ಕಾಚಾರ.

ಕಾಳಿತೀರ ಅವರೇ, ಪಾಳಿಯ ಕೆಲಸವಿರುವ ಮನೆಗಳಲ್ಲಿ ಇದನ್ನು ನಾನು ಆಗಾಗ ನೋಡುತ್ತೇನೆ. ‘ಅಪ್ಪ ಎದ್ದ ಮೇಲೆ ಬೀಚಿಗೆ ಹೋಗೋಣ’ ಎಂದು ಹೇಳಿರುತ್ತೇವೆ, ಅಪ್ಪನಿಗೆ ಮತ್ತೆ ಕರೆ ಬಂದು ಡ್ಯೂಟಿಗೆ ಹೋಗಬೇಕಾಗುತ್ತದೆ. ಇದು ಯಾರ ತಪ್ಪೂ ಅಲ್ಲ. ಆದ್ದರಿಂದ ದೊಡ್ಡ ಭರವಸೆಗಳನ್ನು ಕಡಿಮೆ ಮಾಡಿ, ನಿಮ್ಮೊಬ್ಬರ ಕೈಯಲ್ಲೇ ಇರುವ ಚಿಕ್ಕ ಭರವಸೆಗಳನ್ನು ಕೊಟ್ಟು ತಪ್ಪದೆ ನಡೆಸಿ. ‘ಕುಕ್ಕರ್ ಮೂರು ಸಲ ಕೂಗಿದ ಮೇಲೆ ನಿನ್ನ ಹತ್ತಿರ ಬರುತ್ತೇನೆ’ ಎಂದರೆ ಮೂರನೆಯ ಕೂಗಿಗೆ ಒಲೆ ಆರಿಸಿ ಹೋಗಿಬಿಡಬೇಕು. ಕಾಯುವುದನ್ನು ಕಲಿಸುವುದು ಅದು. ಪಾಳಿಯ ವಾರಗಳನ್ನು ಕ್ಯಾಲೆಂಡರಿನಲ್ಲಿ ಎರಡು ಬಣ್ಣದಿಂದ ಗುರುತು ಮಾಡಿ ತೋರಿಸಿದರೆ ಅವನಿಗೂ ಮುಂದಿನದು ತಿಳಿಯುತ್ತದೆ.

ಈಗ ವೈದ್ಯೆಯಾಗಿ ನಾನು ಕೇಳುವ ಪ್ರಶ್ನೆಗಳು. ಅವನು ಎಷ್ಟು ನಿದ್ರೆ ಮಾಡುತ್ತಾನೆ? 3ರಿಂದ 5 ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆಗಳ ನಿದ್ರೆ ಬೇಕು. ನಿದ್ರೆ ಸಾಲದ ದೊಡ್ಡವರು ತೂಕಡಿಸುತ್ತಾರೆ, ಮಕ್ಕಳಲ್ಲಿ ಅನೇಕರು ಅದಕ್ಕೆ ತದ್ವಿರುದ್ಧವಾಗಿ ಕುಣಿದಾಡುತ್ತಾರೆ, ಸಿಟ್ಟಾಗುತ್ತಾರೆ. ರಾತ್ರಿ ಗೊರಕೆ ಹೊಡೆಯುತ್ತಾನೆಯೇ, ಬಾಯಿ ತೆರೆದು ಮಲಗುತ್ತಾನೆಯೇ? ಮೇಲಿಂದ ಮೇಲೆ ನೆಗಡಿಯಾಗಿ ಕಿವಿಯ ಒಳಗೆ ನೀರು ನಿಂತರೆ ಮಗುವಿಗೆ ಮಾತು ಅರ್ಧಂಬರ್ಧ ಕೇಳಿಸುತ್ತದೆ, ಹೆಸರು ಕರೆದಾಗ ತಿರುಗದ ಮಗು ‘ಮಾತು ಕೇಳದ’ ಮಗುವಾಗುತ್ತದೆ. ಆದ್ದರಿಂದ ಯಾವ ತೀರ್ಮಾನಕ್ಕೂ ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಮೊಬೈಲಿನ ವಿಷಯದಲ್ಲಿ ಉಪದೇಶ ಮಾಡುವುದಿಲ್ಲ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ನಿಮ್ಮ ಮಗ ಆ ವಯಸ್ಸನ್ನು ಈಗಷ್ಟೇ ದಾಟಿದ್ದಾನೆ. ಅವನು ಅತ್ತಾಗಲೆಲ್ಲ ಸಮಾಧಾನಕ್ಕೆಂದು ಮೊಬೈಲನ್ನೇ ಕೊಡುವ ರೂಢಿಯನ್ನು ಮಾತ್ರ ಮೊದಲು ಬಿಡಿ, ಏಕೆಂದರೆ ಸಮಾಧಾನಗೊಳ್ಳುವ ಅಭ್ಯಾಸ ಆಗಬೇಕಾದದ್ದೇ ಆ ಗಳಿಗೆಯಲ್ಲಿ.

ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ, ದುಡುಕು ವಯಸ್ಸಿಗೆ ಮೀರಿ ಕಾಣುವ ಸಮಸ್ಯೆ) ಎಂಬ ಶಬ್ದ ಇನ್ನೂ ಇಲ್ಲಿ ಬಂದಿಲ್ಲ, ಆದರೆ ನಿಮ್ಮ ಮನಸ್ಸಿನಲ್ಲಿ ಇರಬಹುದು. ಆ ನಿರ್ಣಯಕ್ಕೆ ಲಕ್ಷಣಗಳು ಕನಿಷ್ಠ ಆರು ತಿಂಗಳು ಇರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಲ್ಲಾದರೂ ಕಾಣಿಸಬೇಕು, ಮಗುವಿನ ಕಲಿಕೆಗೋ ಒಡನಾಟಕ್ಕೋ ನಿಜವಾಗಿ ಅಡ್ಡಿಯಾಗಬೇಕು. ಇಷ್ಟಪಟ್ಟ ಕೆಲಸದಲ್ಲಿ ಒಂದು ತಾಸು ಕುಳಿತ ಮಾತ್ರಕ್ಕೆ ಅದು ಇಲ್ಲವೇ ಇಲ್ಲವೆಂದೂ ಹೇಳಲಾಗದು, ಈ ಒಂದು ಕಡೆ ಅಕ್ಕೋರ ಧೈರ್ಯವನ್ನು ನಾನು ಸ್ವಲ್ಪ ತಗ್ಗಿಸಬೇಕಾಗಿದೆ. ಆರು ವರ್ಷದೊಳಗಿನವರಿಗೆ ಎಡಿಎಚ್‌ಡಿ ಇದ್ದರೂ ಮೊದಲ ಚಿಕಿತ್ಸೆ ಔಷಧವಲ್ಲ, ಮಗುವಿನೊಡನೆ ವರ್ತಿಸುವ ಬಗೆಯನ್ನು ತಂದೆತಾಯಿಗೆ ಕಲಿಸುವ ತರಬೇತಿ.

ಕೊನೆಯದಾಗಿ, ಅವನು ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರ ಪೈಕಿಯೇ? ಈ ವಯಸ್ಸಿನಲ್ಲಿ ಹತ್ತು ತಿಂಗಳ ಅಂತರ ಬಹಳ ದೊಡ್ಡದು. ಒಂದೇ ತರಗತಿಯ ಅತಿ ಚಿಕ್ಕ ಮಕ್ಕಳಿಗೆ ಎಡಿಎಚ್‌ಡಿ ಹಣೆಪಟ್ಟಿ ಹೆಚ್ಚಾಗಿ ಬೀಳುತ್ತದೆಂದು ಹಲವು ದೇಶಗಳಲ್ಲಿ ಕಂಡುಬಂದಿದೆ. ಡೆನ್ಮಾರ್ಕಿನಲ್ಲಿ ಒಂದು ವರ್ಷ ತಡವಾಗಿ ಶಾಲೆ ಆರಂಭಿಸಿದ ಮಕ್ಕಳಲ್ಲಿ ಏಳನೆಯ ವಯಸ್ಸಿನ ಚಂಚಲತೆ ಗಣನೀಯವಾಗಿ ಕಡಿಮೆಯಿತ್ತು. ಜೂನ್‌ಗೆ ಅವನಿಗೆ ಆರು ತುಂಬುವುದಿಲ್ಲವಾದರೆ, ಒಂದನೆಯ ತರಗತಿಯ ಅವಸರದ ಬಗ್ಗೆ ಇನ್ನೊಮ್ಮೆ ಯೋಚಿಸಿ.

ಹಳೆ ಮಾಸ್ತರು (ಹೊನ್ನಾವರ)

ಎಲ್ಲರ ಬರಹವನ್ನೂ ಗಮನವಿಟ್ಟು ಓದಿದೆ. ನಾನು ಮೂವತ್ತೈದು ವರ್ಷ ಕಲಿಸಿದವನು. ನಮ್ಮ ಕಾಲದಲ್ಲಿ ಒಂದೇ ಕೋಣೆಯಲ್ಲಿ ಅರವತ್ತು ಮಕ್ಕಳು ಮಗ್ಗಿ ಹೇಳುತ್ತ ಕೂರುತ್ತಿದ್ದರು. ಬೆತ್ತ ಮೇಜಿನ ಮೇಲಿದ್ದರೆ ಸಾಕಿತ್ತು, ಎತ್ತಬೇಕಾಗಿರಲಿಲ್ಲ. ಆ ಮಕ್ಕಳೂ ಇಂದು ಒಳ್ಳೆಯ ಸ್ಥಾನಗಳಲ್ಲಿದ್ದಾರೆ. ಪ್ರತಿಯೊಂದಕ್ಕೂ ಆಟ, ಪ್ರತಿಯೊಂದಕ್ಕೂ ಮನವೊಲಿಕೆ ಎಂದರೆ ಮಕ್ಕಳು ಇಷ್ಟವಿಲ್ಲದ ಕೆಲಸವನ್ನು ಮಾಡಲು ಕಲಿಯುವುದು ಯಾವಾಗ?

ಶಿರಸಿ ಅಕ್ಕೋರು

ಮಾಸ್ತರೇ, ತಮ್ಮ ಪ್ರಶ್ನೆಯ ಕೊನೆಯ ಭಾಗ ನ್ಯಾಯವಾದದ್ದು; ಇಷ್ಟವಿಲ್ಲದ ಕೆಲಸವನ್ನೂ ಮಾಡಲು ಬರಲೇಬೇಕು. ಆದರೆ ಆ ಅರವತ್ತು ಮಕ್ಕಳಲ್ಲಿ ನಾನೂ ಒಬ್ಬಳಾಗಿದ್ದೆ. ಬೆತ್ತದ ಮೇಲೆ ಒಂದು ಕಣ್ಣಿಟ್ಟ ನನಗೆ ಮಗ್ಗಿಯ ಮೇಲೆ ಇಡಲು ಉಳಿದದ್ದು ಅರ್ಧ ಮನಸ್ಸು. ಅಲ್ಲದೆ ಮಧ್ಯದಲ್ಲೇ ಶಾಲೆ ಬಿಟ್ಟವರ ಲೆಕ್ಕವನ್ನು ಒಳ್ಳೆಯ ಸ್ಥಾನಗಳಲ್ಲಿರುವವರು ಹೇಳುವುದಿಲ್ಲ. ತಾವು ಮಗ್ಗಿಯನ್ನು ಎಲ್ಲರಿಂದ ಒಟ್ಟಿಗೆ, ತಾಳಕ್ಕೆ ಸರಿಯಾಗಿ ಹೇಳಿಸುತ್ತಿದ್ದಿರಲ್ಲ, ಮಕ್ಕಳನ್ನು ಹಿಡಿದು ಕೂರಿಸಿದ್ದರಲ್ಲಿ ಬೆತ್ತಕ್ಕಿಂತ ಅದರ ಪಾಲು ಹೆಚ್ಚು ಇದ್ದಿರಬಹುದು.

ತಂಗಿಗೆ ಒಂದು ಮಾತು ಬಿಟ್ಟುಹೋಗಿತ್ತು. ಅವನು ಕೈ ಎತ್ತುವ ವಿಷಯ. ಸಿಟ್ಟು ನೆತ್ತಿಗೇರಿದ ಹೊತ್ತಿನಲ್ಲಿ ಬುದ್ಧಿ ಹೇಳಿದರೆ ಒಂದು ಶಬ್ದವೂ ಒಳಗೆ ಇಳಿಯುವುದಿಲ್ಲ. ಎತ್ತಿದ ಕೈಯನ್ನು ಮೆಲ್ಲಗೆ ಹಿಡಿದು ‘ಹೊಡೆಯಲು ಬಿಡುವುದಿಲ್ಲ, ನಿನಗೆ ಸಿಟ್ಟು ಬಂದಿದೆ’ ಎಂದಷ್ಟೇ ಹೇಳಿ ಪಕ್ಕದಲ್ಲಿರಿ. ಸಂಜೆ ಊಟವಾದ ಮೇಲೆ, ಎರಡು ಗೊಂಬೆಗಳ ನಡುವೆ ಅದೇ ಪೆನ್ಸಿಲ್ ಜಗಳ ನಡೆಸಿ, ‘ಅದು ನನ್ನದು, ಮರಳಿ ಕೊಡು’ ಎಂಬ ಮಾತನ್ನು ಗೊಂಬೆಯ ಬಾಯಿಂದ ಅವನೇ ಹೇಳುವಂತೆ ಮಾಡಿ. ಶಾಲೆಯಲ್ಲಿ ಬೇಕಾದಾಗ ಅದೇ ಮಾತು ಇಂಗ್ಲಿಷಿನಲ್ಲಿಯೂ ಬಾಯಿಗೆ ಸಿಗುವಂತಿರಲಿ; ಎಷ್ಟೋ ಸಲ ಮಾತು ಸಿಗದ ಕಡೆ ಕೈ ಮುಂದೆ ಬರುತ್ತದೆ.

ಕಾಳಿತೀರ (ಕಾರವಾರ)

ಐದು ವಾರಗಳಾದ ಮೇಲೆ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಶ್ರವಣ ಪರೀಕ್ಷೆ ಮಾಡಿಸಿದೆವು, ಕಿವಿ ಸರಿಯಾಗಿದೆ. ನಿದ್ರೆಯ ಲೆಕ್ಕ ಹಾಕಿದಾಗ ಎಂಟೂವರೆ ಗಂಟೆ ಬಂದು ನನಗೇ ನಾಚಿಕೆಯಾಯಿತು. ರಾತ್ರಿ ಪಾಳಿಯ ವಾರದಲ್ಲಿ ಅಪ್ಪ ಹೊರಡುವವರೆಗೆ ಅವನೂ ಎಚ್ಚರವಾಗಿರುತ್ತಿದ್ದ. ಈಗ ಎಂಟೂವರೆಗೆ ದೀಪ ಆರಿಸುತ್ತೇವೆ, ಅಪ್ಪ ಅದಕ್ಕೂ ಮೊದಲೇ ಅವನಿಗೆ ಟಾಟಾ ಹೇಳುತ್ತಾರೆ.

ಕಾವಲುಗಾರನ ಆಟ ಮೊದಲ ದಿನ ನಾಲ್ಕೇ ನಿಮಿಷ ನಡೆಯಿತು. ಎರಡನೆಯ ದಿನ ಅತ್ತೆಯವರು ಅವನ ತಲೆಗೆ ಟವೆಲ್ಲಿನ ಮುಂಡಾಸು ಸುತ್ತಿ, ಕೈಗೊಂದು ಕೋಲು ಕೊಟ್ಟು, ಕೊಂಕಣಿಯಲ್ಲಿ ಅಪ್ಪಣೆ ಕೊಟ್ಟರು. ಹದಿಮೂರು ನಿಮಿಷ ನಿಂತ. ಪೋಸ್ಟ್‌ಮನ್ ಬಂದಾಗ ಬೆರಳನ್ನು ತುಟಿಯ ಮೇಲಿಟ್ಟು ಅವರನ್ನೇ ಸುಮ್ಮನಿರಿಸಿದನಂತೆ. ಸಂಜೆ ನಾನು ಅವನನ್ನು ಟಾಗೋರ್ ಕಡಲತೀರಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಕೆರೆ-ದಡಕ್ಕೆ ಗೆರೆ ಎಳೆಯುವ ಕೆಲಸವೂ ಇಲ್ಲ, ಒದ್ದೆ ಮರಳು ಕೆರೆ, ಒಣ ಮರಳು ದಡ. ನಿಯಮ ತಿರುಗಿಸಿದ ದಿನ ಅವನು ಪ್ರತಿ ಸಲ ಹಾರುವ ಮೊದಲು ‘ಉಲ್ಟಾ, ಉಲ್ಟಾ’ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅಕ್ಕೋರು ಹೇಳಿದ ಸ್ಲೇಟಿನ ಹುಡುಗಿ ನೆನಪಾಗಿ ನಾನು ಬಾಯಿ ಬಿಡದೆ ನಿಂತೆ.

ಶಾಲೆಯಲ್ಲಿ ಅವನ ಟೀಚರ್ ಆರಂಭದಲ್ಲಿ ಅಷ್ಟು ಉತ್ಸಾಹ ತೋರಿಸಲಿಲ್ಲ. ಮೂವತ್ತೆಂಟು ಮಕ್ಕಳ ನಡುವೆ ಒಬ್ಬನಿಗೆ ಚಿತ್ರದ ಚೀಟಿ ಮಾಡುವುದು ಹೇಗೆಂದು ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಾನೇ ಮೂರು ಚೀಟಿ ಮಾಡಿ ಅವನ ಕಂಪಾಸ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದೆ: ಪುಸ್ತಕ, ಪುಟ, ಪೆನ್ಸಿಲ್. ಈಗ ಪುಸ್ತಕ ಹಂಚುವ ಕೆಲಸವನ್ನು ಅವನಿಗೆ ಕೊಡುತ್ತಿದ್ದಾರೆ. ಎದ್ದು ಓಡಾಡುವುದಕ್ಕೂ ಒಂದು ಹೊತ್ತು ಸಿಕ್ಕಂತಾಯಿತು. ಡೈರಿಯಲ್ಲಿ ದೂರು ವಾರಕ್ಕೆ ಐದರಿಂದ ಎರಡಕ್ಕೆ ಇಳಿದಿದೆ. ಒಂದು ದೂರು ಪುಸ್ತಕ ಹಂಚುವಾಗ ತನ್ನ ಗೆಳೆಯರಿಗೇ ಮೊದಲು ಕೊಟ್ಟ ಎಂದು.

ಕುಮಟಾದ ಡಾಕ್ಟರರೇ, ಜೂನ್‌ಗೆ ಅವನಿಗೆ ಆರು ತುಂಬಲು ಎರಡು ತಿಂಗಳು ಕಡಿಮೆ ಬೀಳುತ್ತದೆ. ಇನ್ನೊಂದು ವರ್ಷ ಯುಕೆಜಿಯಲ್ಲೇ ಉಳಿಸುವುದೋ ಎಂದು ಮನೆಯಲ್ಲಿ ಮಾತು ನಡೆದಿದೆ, ನಮ್ಮ ಯಜಮಾನರು ಒಪ್ಪಿದ್ದಾರೆ, ಮಾವನವರು ಇನ್ನೂ ಒಪ್ಪಿಲ್ಲ. ಸೋಮವಾರಗಳು ಈಗಲೂ ಕಷ್ಟವೇ; ಭಾನುವಾರ ರಾತ್ರಿ ನೆಂಟರ ಮನೆಯಿಂದ ತಡವಾಗಿ ಬಂದ ವಾರ ಮರುದಿನ ಮತ್ತೆ ಕೈ ಎತ್ತಿದ. ಈ ಭಾನುವಾರ ಅಡಿಕೆ ಆರಿಸುವುದು ಮುಗಿಯುವ ಮೊದಲು ಅಜ್ಜಿಯ ಮನೆಗೆ ಒಂದು ದಿನದ ಮಟ್ಟಿಗೆ ಹೋಗಿ, ಕತ್ತಲಾಗುವುದರೊಳಗೆ ಘಟ್ಟ ಇಳಿದು ಬರಬೇಕೆಂದಿದ್ದೇವೆ.